ಬಿಟ್ಟ ಮರಿ, ಹುಟ್ಟಿದ ಮರಿ

ಮೀನುಮರಿ ಬಿಡುವುದನ್ನು ಹತ್ತಿರದಿಂದ ನೋಡಿದ್ದೀರಾ? ಸ್ವಲ್ಪ ನೀರು, ಉಳಿದ ಜಾಗಕ್ಕೆಲ್ಲ ಆಮ್ಲಜನಕ ತುಂಬಿ ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲ. ಒಳಗೆ ಬೆರಳುದ್ದದ ಮರಿಗಳು. ತಂದ ಕೂಡಲೇ ಚೀಲ ಬಿಚ್ಚಿ ಸುರಿಯುವುದಿಲ್ಲ. ಕಟ್ಟಿದ್ದ ಹಾಗೆಯೇ ಸ್ವಲ್ಪ ಹೊತ್ತು ಕೆರೆಯ ಮೇಲೆ ತೇಲಲು ಬಿಡುತ್ತಾರೆ. ಒಳಗಿನ ನೀರು, ಹೊರಗಿನ ನೀರು ಎರಡೂ ಒಂದೇ ಬಿಸಿಗೆ ಬರಬೇಕು. ಆಮೇಲೆ ಬಾಯಿ ಬಿಚ್ಚಿ, ಕೆರೆಯ ನೀರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಸೇರಿಸುತ್ತಾರೆ. ಕೊನೆಗೆ ಚೀಲವನ್ನು ಓರೆ ಮಾಡಿದರೆ ಮರಿಗಳು ತಾವಾಗಿಯೇ ಹೊರಗೆ ಈಜುತ್ತವೆ. ಒಂದು ಗಳಿಗೆ ದಡದಲ್ಲೇ ಗುಂಪಾಗಿ ನಿಲ್ಲುತ್ತವೆ. ಆಮೇಲೆ ಕಾಣುವುದಿಲ್ಲ.

ನೋಡಿದವರಿಗೆ ಸಮಾಧಾನವಾಗುವ ಕೆಲಸ ಅದು. ಕೆರೆಗೆ ಇಷ್ಟು ಸಾವಿರ ಮೀನು ಸೇರಿತು ಅನ್ನಿಸುತ್ತದೆ. ಆದರೆ ಮರಿಗೂ ಮೀನಿಗೂ ನಡುವೆ ಬಹಳ ದೂರ ಇದೆ. ಬಿಟ್ಟ ಮರಿಗಳಲ್ಲಿ ಎಷ್ಟು ದೊಡ್ಡವಾದವು, ಅವು ಬಂದದ್ದರಿಂದ ಮೊದಲೇ ಇದ್ದ ಮೀನಿಗೆ ಏನಾಯಿತು, ಮುಂದಿನ ವರ್ಷ ಮತ್ತೆ ಬಿಡಬೇಕಾ? ಇದಕ್ಕೆಲ್ಲ ಉತ್ತರ ಆ ದೂರದಲ್ಲೇ ಇದೆ.

ಕೆರೆಯಲ್ಲಿ ಮೀನು ಉಳಿಯುವುದಕ್ಕೆ ದಾರಿ ಎರಡು. ಒಂದು, ಅಲ್ಲೇ ಇರುವ ಮೀನು ಮೊಟ್ಟೆಯಿಟ್ಟು ಮರಿ ಬೆಳೆಯುವುದು. ಇನ್ನೊಂದು, ಬೇರೆ ಕಡೆ ಬೆಳೆಸಿದ ಮರಿಯನ್ನು ತಂದು ಬಿಡುವುದು. ಇದಕ್ಕೆ ಬಿತ್ತನೆ ಅನ್ನುತ್ತಾರೆ. ಎಷ್ಟೋ ಕಡೆ ಎರಡೂ ಒಟ್ಟಿಗೆ ನಡೆಯುತ್ತವೆ. ಮೀನು ಕಡಿಮೆಯಾಯಿತು ಅಂದ ತಕ್ಷಣ ಜನ ಕೇಳುವುದು ಎರಡನೆಯದನ್ನು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ಮೊಟ್ಟೆಯಿಂದ ದೊಡ್ಡ ಮೀನಿನ ತನಕ ಇರುವ ಸರಪಳಿಯಲ್ಲಿ ಕಡಿದಿರುವ ಕೊಂಡಿ ಯಾವುದು? ಬಿತ್ತನೆ ಮೊದಮೊದಲ ಒಂದೆರಡು ಕೊಂಡಿಗಳನ್ನು ಮಾತ್ರ ಜೋಡಿಸಬಲ್ಲದು. ಕಡಿದದ್ದು ಅದೇ ಆಗಿದ್ದರೆ ಕೆರೆ ಚೇತರಿಸಿಕೊಳ್ಳುತ್ತದೆ. ಬೇರೆ ಕೊಂಡಿಯಾಗಿದ್ದರೆ ಚೀಲಗಟ್ಟಲೆ ಮರಿ ಸುಮ್ನೆ ಕರಗಿಹೋಗುತ್ತದೆ.

ಮೊಟ್ಟೆಯ ಲೆಕ್ಕದಿಂದ ಶುರು ಮಾಡೋಣ. ಉತ್ತರ ಅಮೆರಿಕದ ಸರೋವರಗಳಲ್ಲಿ ವಾಲ್‌ಐ ಅನ್ನುವ ಮೀನಿದೆ. ಚೆನ್ನಾಗಿ ಬೆಳೆದ ಒಂದು ಹೆಣ್ಣು ಒಂದೇ ವಸಂತದಲ್ಲಿ 1 ಲಕ್ಷಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ರೋಹು ಮೀನಿನದು ಇನ್ನೂ ದೊಡ್ಡ ಲೆಕ್ಕ. ಮೈತೂಕದ ಒಂದೊಂದು ಕಿಲೋಗೆ ಸುಮಾರು 2 ಲಕ್ಷ. ಇಷ್ಟು ಮೊಟ್ಟೆ ಇಟ್ಟರೂ ನೀರೆಲ್ಲ ಮೀನಾಗುವುದಿಲ್ಲ. ಒಂದು ಹೆಣ್ಣು ತನ್ನ ಬಾಳಿನಲ್ಲಿ ಇಟ್ಟ ಅಷ್ಟೂ ಮೊಟ್ಟೆಗಳಲ್ಲಿ ಸರಾಸರಿ ಎರಡು ಬೆಳೆದು ದೊಡ್ಡವಾದರೆ ಮೀನಿನ ಸಂಖ್ಯೆ ಇದ್ದ ಹಾಗೇ ಇರುತ್ತದೆ. ತಾಯಿಯ ಜಾಗಕ್ಕೆ ಒಂದು, ತಂದೆಯ ಜಾಗಕ್ಕೆ ಒಂದು. ಎರಡರ ಬದಲು ನಾಲ್ಕು ಉಳಿದರೆ ಒಂದೇ ತಲೆಮಾರಿನಲ್ಲಿ ಮೀನು ಇಮ್ಮಡಿ. ಒಂದೇ ಉಳಿದರೆ ಅರ್ಧಕ್ಕರ್ಧ ಖಾಲಿ. ಲಕ್ಷಗಟ್ಟಲೆ ಮೊಟ್ಟೆಯಲ್ಲಿ ಒಂದೆರಡರ ಹೆಚ್ಚುಕಡಿಮೆ, ಅಷ್ಟೇ. ಸರೋವರದ ಹಣೆಬರಹ ಈ ಕೂದಲೆಳೆಯ ಮೇಲೆ ನಿಂತಿದೆ.

ಹಾಗಾದರೆ ಆ ಮೊಟ್ಟೆಗಳು ಎಲ್ಲಿ ಹೋಗುತ್ತವೆ? ಮೀನು ಮೊಟ್ಟೆಯಿಡುವ ರೀತಿಯ ಮೇಲೆ ಅದು ನಿಂತಿದೆ. ವಾಲ್‌ಐ ತಣ್ಣನೆಯ ನೀರಿನಲ್ಲಿ, ಹಿಮಗಡ್ಡೆ ಕರಗಿದ ಹೊಸತರಲ್ಲಿ, ಜಲ್ಲಿಕಲ್ಲಿನ ದಡಕ್ಕೆ ರಾತ್ರಿ ಹೊತ್ತು ಬಂದು ಮೊಟ್ಟೆ ಚೆಲ್ಲಿ ಹೋಗುತ್ತದೆ. ಕಾವಲು ಇಲ್ಲ, ಗೂಡು ಇಲ್ಲ. ಪೈಕ್ ಮೀನು ಆಗಷ್ಟೇ ನೀರು ಏರಿ ಮುಳುಗಿದ ಹುಲ್ಲಿಗೆ ಮೊಟ್ಟೆ ಅಂಟಿಸುತ್ತದೆ. ಮರಿ ಬರುವ ಮೊದಲೇ ನೀರು ಇಳಿದುಬಿಟ್ಟರೆ ಹುಲ್ಲಿನ ಮೇಲೇ ಅವು ಒಣಗುತ್ತವೆ. ಸಾಮಾನ್ಯ ಗೆಂಡೆಯೂ ಜೊಂಡಿಗೆ, ಜಲಗಿಡಕ್ಕೆ ಮೊಟ್ಟೆ ಅಂಟಿಸುತ್ತದೆ. ಲಾರ್ಜ್‌ಮೌತ್ ಬಾಸ್ ಜಾತಿಯಲ್ಲಿ ಗಂಡು ಬಾಲದಿಂದ ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ. ಮೊಟ್ಟೆಗೆ ನೀರು ಬೀಸುತ್ತಾ, ಬಂದವರನ್ನೆಲ್ಲ ಓಡಿಸುತ್ತಾ ಅಲ್ಲೇ ನಿಲ್ಲುತ್ತದೆ. ಆ ಗಂಡನ್ನು ಗಾಳ ಹಾಕಿ ಎತ್ತಿದರೆ ಸಾಕು, ಕಾಯುತ್ತಿದ್ದ ಚಿಕ್ಕ ಮೀನುಗಳು ಕೆಲವೇ ನಿಮಿಷಗಳಲ್ಲಿ ಗೂಡಿಗೆ ನುಗ್ಗುತ್ತವೆ. ತಿಲಾಪಿಯಾ, ಅದೇ ಜಿಲೇಬಿ ಮೀನು, ಅದರಲ್ಲಿ ಕೆರೆಗಳಲ್ಲಿ ಹೆಚ್ಚಾಗಿ ಕಾಣುವ ಜಾತಿಗಳ ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ.

ಲೇಕ್ ಟ್ರೌಟ್ ಮೀನಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ಮೊಟ್ಟೆಯಿಡುವುದು ಚಳಿಗಾಲಕ್ಕೆ ಮುಂಚೆ, ಸರೋವರದ ತಳದಲ್ಲಿ ಬಂಡೆಚೂರುಗಳು ರಾಶಿ ಬಿದ್ದ ಕಡೆ. ಬಟಾಣಿಗಿಂತ ಸ್ವಲ್ಪ ಚಿಕ್ಕದಾದ ಮೊಟ್ಟೆಗಳು ಕಲ್ಲುಗಳ ಸಂದಿಗೆ ಜಾರಿ ಕೂರುತ್ತವೆ. ಮೇಲೆ ಹಿಮಗಡ್ಡೆ, ಕೆಳಗೆ ಕತ್ತಲು. ಇಡೀ ಚಳಿಗಾಲ ಅವು ಹಾಗೆಯೇ ಇರುತ್ತವೆ. ಸಂದಿಯೊಳಗೆ ನೀರು ಆಡುತ್ತಿರಬೇಕು, ಮೊಟ್ಟೆಗೂ ಉಸಿರು ಬೇಕಲ್ವಾ? ಆ ಸಂದಿಗಳಲ್ಲಿ ಹೂಳು ತುಂಬಿದರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ದಡದ ಮೇಲೆ ಮಣ್ಣು ಕೊಚ್ಚಿಹೋಗುವ ಹಾಗೆ ಏನೇ ಮಾಡಿದರೂ ಅದರ ಲೆಕ್ಕ ಈ ಸಂದಿಗಳಿಗೆ ಬಂದು ಮುಟ್ಟುತ್ತದೆ.

ಇನ್ನು ರೋಹು, ಕಾಟ್ಲಾ, ಮೃಗಾಲ್. ಇವು ನಿಂತ ನೀರಿನಲ್ಲಿ ಚೆನ್ನಾಗಿ ತಿಂದು ದಪ್ಪಗೆ ಬೆಳೆಯುತ್ತವೆ. ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಯೂ ಬಲಿಯುತ್ತದೆ. ಆದರೆ ಇಡುವುದಿಲ್ಲ. ಮಳೆಗಾಲದ ಹೊಸನೀರು, ಹರಿವು, ಉಕ್ಕಿ ಹರಡಿದ ನದಿಯ ತೆಳುನೀರು ಸಿಕ್ಕಿದರೆ ಮಾತ್ರ ಮೊಟ್ಟೆಯಿಡುತ್ತವೆ. ಆ ಮೊಟ್ಟೆ ಅಂಟುವಂಥದ್ದೂ ಅಲ್ಲ, ಹರಿವಿನಲ್ಲಿ ಉರುಳುತ್ತಾ ಹೋಗುವಂಥದ್ದು. ಆದ್ದರಿಂದ ಈ ಮೂರು ಜಾತಿಗೆ ಸಾಧಾರಣ ಕೆರೆ ಅಂದರೆ ಊಟದ ಮನೆ, ಹೆರಿಗೆ ಮನೆ ಅಲ್ಲ. ಅಲ್ಲಿ ಬಿತ್ತನೆ ನಿಲ್ಲಿಸಿದರೆ ಕೆಲವೇ ವರ್ಷಗಳಲ್ಲಿ ಅವು ಮುಗಿದುಹೋಗುತ್ತವೆ. ಒಂದು ಕೆರೆಗೆ ಬಿತ್ತನೆ ಬೇಕಾ ಬೇಡವಾ ಅಂತ ಕೇಳಿದರೆ ನಾನು ಮೊದಲು ಕೇಳುವುದು ಇದನ್ನೇ. ಯಾವ ಮೀನು? ಅದು ಮೊಟ್ಟೆಯಿಡುವ ಜಾಗ ಈ ನೀರಿನಲ್ಲಿ ಇದೆಯಾ?

ಮೊಟ್ಟೆ ಒಡೆಯಿತು ಅಂದುಕೊಳ್ಳಿ. ಹೊರಗೆ ಬಂದ ಮರಿ ಕೆಲವು ಮಿಲಿಮೀಟರ್ ಉದ್ದದ ಗಾಜಿನ ಎಳೆ. ಹೊಟ್ಟೆಯಡಿಯಲ್ಲಿ ಒಂದು ಹಳದಿ ಚೀಲ, ತಾಯಿ ಕಟ್ಟಿಕೊಟ್ಟ ಬುತ್ತಿ. ರೋಹುವಿಗೆ ಆ ಬುತ್ತಿ ಮೂರು ದಿನಕ್ಕೆ ಸಾಲುತ್ತದೆ. ಮುಗಿಯುವ ಹೊತ್ತಿಗೆ ಬಾಯಿ ಬಿಟ್ಟು ತಾನೇ ಬೇಟೆಯಾಡಬೇಕು. ಬಾಯಿಗೆ ಹಿಡಿಸುವಷ್ಟು ಚಿಕ್ಕ ಪ್ಲಾಂಕ್ಟನ್ ಜೀವಿಗಳು ಅದೇ ವಾರ, ಅದೇ ಜಾಗದಲ್ಲಿ ಬೇಕಾದಷ್ಟು ಇರಬೇಕು. ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲಿ ಹೇಳಿದ್ದು ಇದನ್ನೇ. ಅವರು ನೋಡಿದ್ದು ಕಡಲ ಮೀನು. ಕೆಲವು ವರ್ಷ ಹುಟ್ಟಿದ ಮರಿಗಳು ಮುಂದೆ ಹತ್ತಾರು ವರ್ಷ ಬಲೆ ತುಂಬಿಸುತ್ತವೆ, ಕೆಲವು ವರ್ಷದವು ಲೆಕ್ಕಕ್ಕೇ ಸಿಗುವುದಿಲ್ಲ. ಆ ವ್ಯತ್ಯಾಸ ಮೊದಲ ತುತ್ತು ಸಿಕ್ಕಿತೋ ಇಲ್ಲವೋ ಅನ್ನುವುದರಲ್ಲೇ ಹುಟ್ಟಿರಬಹುದು ಅಂತ ಅವರು ವಾದಿಸಿದರು. ಇಂದಿಗೂ ಮೀನುವಿಜ್ಞಾನ ಆ ಮಾತಿನ ಸುತ್ತ ಸುತ್ತುತ್ತಿದೆ. ಸರೋವರದಲ್ಲೂ ಹಾಗೇ. ವಸಂತದಲ್ಲಿ ಒಂದು ವಾರ ಚಳಿ ಮರಳಿ ಬಂದರೆ, ಗಾಳಿ ಜೋರಾಗಿ ಎದ್ದರೆ, ಆ ವರ್ಷ ಹುಟ್ಟಿದ ಮರಿಗಳು ಪೂರ್ತಿ ಮಾಯ. ಐದಾರು ವರ್ಷ ಕಳೆದು ಬಲೆಯಲ್ಲಿ ಆ ವಯಸ್ಸಿನ ಮೀನೇ ಕಾಣದಿದ್ದಾಗ ಜನ ಕಾರಣ ಹುಡುಕುತ್ತಾರೆ.

ಬದುಕಿದ ಮರಿಗಳಿಗೆ ಇನ್ನೊಂದು ಪರೀಕ್ಷೆ ಇದೆ, ಜಾಗ ಮತ್ತು ಊಟ. ಒಂದು ಕೆರೆ ಇಷ್ಟೇ ಮೀನನ್ನು ಸಾಕಬಲ್ಲದು ಅನ್ನುವ ಮಿತಿ ಇರುತ್ತದೆ. ಮರಿ ಜಾಸ್ತಿಯಾದರೆ ಒಂದೊಂದರ ಪಾಲಿಗೂ ಊಟ ಕಡಿಮೆ. ಬೆಳವಣಿಗೆ ನಿಧಾನ, ತುಂಬ ಕಾಲ ಚಿಕ್ಕದಾಗಿಯೇ ಇರುವುದು, ದೊಡ್ಡ ಮೀನಿನ ಬಾಯಿಗೆ ಸಿಗುವುದು. ಕೆಲವು ವಾಲ್‌ಐ ಮರಿಗಳನ್ನು ತಿನ್ನುವುದು ಹಿಂದಿನ ವರ್ಷ ಹುಟ್ಟಿದ ಅದರ ಅಣ್ಣಂದಿರೇ. ಮರಿ ಕಡಿಮೆಯಾದರೆ ಇದು ತಿರುಗುತ್ತದೆ. ಉಳಿದವು ಬೇಗ ಬೆಳೆಯುತ್ತವೆ, ಹೆಚ್ಚು ಬದುಕುತ್ತವೆ. ಇದರಿಂದಲೇ ಕೆರೆ ಒಂದು ಕೆಟ್ಟ ವರ್ಷವನ್ನು ತಡೆದುಕೊಳ್ಳುತ್ತದೆ. ಇದರಿಂದಲೇ ತುಂಬಿದ ಕೆರೆಗೆ ಇನ್ನಷ್ಟು ಮರಿ ಸುರಿದರೆ ಉಪಯೋಗ ಇಲ್ಲದೆ ಹೋಗುತ್ತದೆ. ಚಿಕ್ಕ ಹೊಂಡದಲ್ಲಿ ತಿಲಾಪಿಯಾ ಸಾಕಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮರಿಯ ಮೇಲೆ ಮರಿ ಹಾಕಿ, ಕೊನೆಗೆ ಹೊಂಡದ ತುಂಬ ಅಂಗೈಯಷ್ಟೂ ಬೆಳೆಯದ ಮೀನು.

ಈಗ ಬಿತ್ತನೆಯ ಕಡೆ ಬರೋಣ. ಮರಿ ಮಾಡುವ ಕೇಂದ್ರ ಮಾಡುವುದು ಒಂದೇ ಕೆಲಸ. ಸಾವು ಅತಿ ಹೆಚ್ಚು ಇರುವ ಮೊದಲ ದಿನಗಳನ್ನು ಕಾಪಾಡಿ ದಾಟಿಸುತ್ತದೆ. ವಾಲ್‌ಐ ಮರಿ ಮಾಡುವ ಕಡೆ ಉದ್ದನೆಯ ಗಾಜಿನ ಜಾಡಿಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಕೆಳಗಿನಿಂದ ನೀರು ಮೇಲಕ್ಕೆ ಚಿಮ್ಮುತ್ತಿರುತ್ತದೆ, ಮೊಟ್ಟೆಗಳು ಕುದಿಯುವ ಸಾಬೂದಾನಿಯ ಹಾಗೆ ನಿಧಾನವಾಗಿ ಉರುಳುತ್ತಿರುತ್ತವೆ. ಸತ್ತ ಮೊಟ್ಟೆ ಬೆಳ್ಳಗಾಗಿ ಮೇಲಕ್ಕೆ ಬರುತ್ತದೆ, ಅದನ್ನು ಹೀರಿ ತೆಗೆಯುತ್ತಾರೆ. ಕೆಲವು ದಿನಕ್ಕೆ ಒಂದೊಂದು ಮೊಟ್ಟೆಯೊಳಗೂ ಎರಡು ಕಪ್ಪು ಚುಕ್ಕೆ ಕಾಣುತ್ತವೆ, ಕಣ್ಣುಗಳು. ಅದನ್ನು ನೋಡಿದ ಮೇಲೆ ಮೊಟ್ಟೆಯನ್ನು ಬರೀ ಸಂಖ್ಯೆ ಅಂತ ಅಂದುಕೊಳ್ಳುವುದು ಕಷ್ಟ.

ರೋಹು, ಕಾಟ್ಲಾದಂಥ ಮೀನಿಗೆ ಕಷ್ಟ ಇನ್ನೂ ಹಿಂದಿನ ಕೊಂಡಿಯಲ್ಲಿತ್ತು. ಮೊಟ್ಟೆಯನ್ನೇ ಇಡುವುದಿಲ್ಲವಲ್ಲ. ಮಳೆಗಾಲದಲ್ಲಿ ನದಿಯಿಂದ ಮೊಟ್ಟೆಮರಿ ಸೋಸಿ ತರುವುದೇ ದಾರಿಯಾಗಿತ್ತು. ಅದರಲ್ಲಿ ಬೇಡದ ಜಾತಿಗಳೂ ಸೇರಿಕೊಂಡು ಬರುತ್ತಿದ್ದವು. 1957ರಲ್ಲಿ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಯವರು ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಬಲಿತ ಮೀನಿಗೆ ಚುಚ್ಚಿದರು. ಮಳೆ, ಪ್ರವಾಹ ಕೊಡಬೇಕಿದ್ದ ಸಂದೇಶವನ್ನು ಸೂಜಿ ಕೊಟ್ಟಿತು. ಮೀನು ಮೊಟ್ಟೆಯಿಟ್ಟಿತು. ಆ ಜುಲೈ 10ನೇ ತಾರೀಕನ್ನೇ ಭಾರತದಲ್ಲಿ ಮೀನು ಕೃಷಿಕರ ದಿನ ಅಂತ ಆಚರಿಸುವುದು. ನಿಂತ ನೀರಿನಲ್ಲಿ ಈ ಗೆಂಡೆ ಮೀನುಗಳನ್ನು ಇಷ್ಟು ದೊಡ್ಡ ಮಟ್ಟದಲ್ಲಿ ಬೆಳೆಸಲು ಸಾಧ್ಯವಾದದ್ದು ಆ ಕೆಲಸದ ಮೇಲೆ. ಬಿತ್ತನೆ ಅಂದರೆ ನಿಸರ್ಗಕ್ಕೆ ವಿರುದ್ಧ ಅನ್ನುವವರು ಇದನ್ನೂ ಸ್ವಲ್ಪ ಯೋಚಿಸಬೇಕು ಅಂತ ನನಗನ್ನಿಸುತ್ತದೆ.

ಯಾವ ಗಾತ್ರದ ಮರಿ ಬಿಡಬೇಕು ಅನ್ನುವುದು ಮುಂದಿನ ಪ್ರಶ್ನೆ. ಆಗಷ್ಟೇ ಹುಟ್ಟಿದ ಮರಿಗೆ ಖರ್ಚು ಕಡಿಮೆ, ಲಕ್ಷಗಟ್ಟಲೆ ಬಿಡಬಹುದು. ಆದರೆ ಅದು ಯೋರ್ಟ್ ಹೇಳಿದ ಮೊದಲ ತುತ್ತಿನ ಪರೀಕ್ಷೆಯನ್ನು ಕೆರೆಯಲ್ಲೇ ಬರೆಯಬೇಕು. ಬೆರಳುದ್ದದ ಮರಿ ಆ ಪರೀಕ್ಷೆ ಮುಗಿಸಿಕೊಂಡೇ ಬಂದಿರುತ್ತದೆ. ಆದರೆ ಅಲ್ಲಿಯ ತನಕ ಸಾಕುವುದಕ್ಕೆ ಕೊಳ ಬೇಕು, ಆಹಾರ ಬೇಕು, ತಿಂಗಳುಗಳು ಬೇಕು. ಬೇಟೆಗಾರ ಮೀನು ತುಂಬಿರುವ ಕೆರೆಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿ ಬಿಡುವುದು ಅವುಗಳಿಗೆ ಊಟ ಬಡಿಸಿದ ಹಾಗೆ. ಬೇಟೆಗಾರರೇ ಇಲ್ಲದ, ಹೊಸದಾಗಿ ತುಂಬಿದ ನೀರಿನಲ್ಲಿ ಅದೇ ಚಿಕ್ಕ ಮರಿ ಚೆನ್ನಾಗಿ ಎದ್ದುಬರುತ್ತದೆ.

ಬಿತ್ತನೆ ಸರಿಯಾದ ಕೊಂಡಿಗೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಮಿನೆಸೋಟದ ರೆಡ್ ಲೇಕ್ ಒಳ್ಳೆಯ ಉದಾಹರಣೆ. ಹಿಡಿದು ಹಿಡಿದು 1990ರ ದಶಕದಲ್ಲಿ ಅಲ್ಲಿ ವಾಲ್‌ಐ ಕುಸಿದುಬಿತ್ತು. ಮೊಟ್ಟೆಯಿಡುವ ಜಾಗ ಚೆನ್ನಾಗಿಯೇ ಇತ್ತು, ಊಟವೂ ಇತ್ತು, ಮೊಟ್ಟೆಯಿಡುವ ತಾಯಂದಿರೇ ಇರಲಿಲ್ಲ. ಅಲ್ಲಿನ ಮೂಲನಿವಾಸಿ ಓಜಿಬ್ವೆ ಸಮುದಾಯದ ಆಡಳಿತ ಮತ್ತು ರಾಜ್ಯ ಸರ್ಕಾರ ಎರಡೂ ಕೂತು ಒಂದು ಒಪ್ಪಂದಕ್ಕೆ ಬಂದವು. ವಾಲ್‌ಐ ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದರು. 1999, 2001, 2003ರಲ್ಲಿ ಕೋಟಿಗಟ್ಟಲೆ ಚಿಕ್ಕ ಮರಿ ಬಿಟ್ಟರು. ಬಿಡುವ ಮೊದಲು ಮರಿಗಳಿಗೆ ಒಂದು ಔಷಧದ ನೀರಿನಲ್ಲಿ ಸ್ನಾನ ಮಾಡಿಸಿದರು. ಅದು ಮೂಳೆಯಲ್ಲಿ ಉಳಿದು, ವಿಶೇಷ ಬೆಳಕಿನಲ್ಲಿ ಹೊಳೆಯುತ್ತದೆ. ಬಿಟ್ಟದ್ದು ಯಾವುದು, ಅಲ್ಲೇ ಹುಟ್ಟಿದ್ದು ಯಾವುದು ಅಂತ ಗೊತ್ತಾಗಲಿ ಅಂತ. ಬಿಟ್ಟ ಮರಿ ಬೆಳೆದು ತಾಯಿಯಾದವು. 2006ರಲ್ಲಿ, ಕಟ್ಟುನಿಟ್ಟಿನ ಮಿತಿ ಹಾಕಿ, ಮತ್ತೆ ಹಿಡಿಯಲು ಬಿಟ್ಟರು. ಆಮೇಲೆ ಮರಿ ಹುಟ್ಟಿಸುವ ಕೆಲಸವನ್ನು ಸರೋವರ ತಾನೇ ನೋಡಿಕೊಂಡಿತು. ಹಿಡಿಯುವುದನ್ನು ನಿಲ್ಲಿಸದೆ ಬರೀ ಮರಿ ಬಿಟ್ಟಿದ್ದರೆ ಹೀಗಾಗುತ್ತಿತ್ತು ಅಂತ ನಾನು ನಂಬುವುದಿಲ್ಲ.

ತದ್ವಿರುದ್ಧದ ಪಾಠ ಮೊಂಟಾನಾ ರಾಜ್ಯದ್ದು. ಅದು ನದಿಯ ಕಥೆ, ಆದರೆ ಲೆಕ್ಕ ಒಂದೇ. ಅಲ್ಲಿ ಟ್ರೌಟ್ ಚೆನ್ನಾಗಿ ಮರಿ ಮಾಡುತ್ತಿದ್ದ ನೀರಿಗೇ ವರ್ಷ ವರ್ಷ ಸಾಕಿದ ಟ್ರೌಟ್ ತಂದು ಬಿಡುತ್ತಿದ್ದರು. ಬಿಡುವುದನ್ನು ನಿಲ್ಲಿಸಿ ನೋಡಿದ ಕಡೆ ಕಾಡು ಟ್ರೌಟ್, ಅಂದರೆ ನೀರಿನಲ್ಲೇ ಹುಟ್ಟಿ ಬೆಳೆದ ಟ್ರೌಟ್, ಸಂಖ್ಯೆಯಲ್ಲಿ ಏರಿತು. ಸಾಕಿದ ಮೀನುಗಳು ಜಾಗಕ್ಕೆ ಜಗಳವಾಡಿ, ಇದ್ದವುಗಳನ್ನು ಕದಲಿಸಿ, ಕೊನೆಗೆ ತಾವೂ ಉಳಿಯುತ್ತಿರಲಿಲ್ಲ. 1974ರಲ್ಲಿ ಆ ರಾಜ್ಯ ಅಂಥ ನದಿಗಳಿಗೆ ಬಿತ್ತನೆಯನ್ನೇ ಕೈಬಿಟ್ಟಿತು.

ವಂಶದ ಮಾತೂ ಇದೆ. ತೊಟ್ಟಿಯಲ್ಲಿ ಬದುಕುವ ಮೀನಿಗೆ ಬೇಕಾದ ಗುಣ ಬೇರೆ, ಕೆರೆಯಲ್ಲಿ ಬದುಕುವ ಮೀನಿಗೆ ಬೇಕಾದ ಗುಣ ಬೇರೆ. ತೊಟ್ಟಿಯಲ್ಲಿ ಮೇಲೆ ಬಂದು ಬಾಯಿ ತೆರೆಯುವ ಧೈರ್ಯಸ್ಥ ಮರಿಗೆ ಊಟ ಸಿಗುತ್ತದೆ. ಕೆರೆಯಲ್ಲಿ ಹಾಗೆ ಮಾಡಿದ ಮರಿ ಕೊಕ್ಕರೆಗೆ ಊಟ. ಒರೆಗಾನ್ ರಾಜ್ಯದ ಹುಡ್ ನದಿಯ ಸ್ಟೀಲ್‌ಹೆಡ್ ಟ್ರೌಟ್ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಕಿ ಬೆಳೆಸಿದ ಒಂದೊಂದು ತಲೆಮಾರಿಗೂ ನದಿಯಲ್ಲಿ ಮರಿ ಮಾಡುವ ಶಕ್ತಿ ಸುಮಾರು ಶೇ. 40ರಷ್ಟು ಕುಗ್ಗಿದ್ದು ಕಂಡುಬಂತು. ಆದ್ದರಿಂದ ಒಳ್ಳೆಯ ಕೇಂದ್ರಗಳು ಅದೇ ನೀರಿನ ಕಾಡು ಮೀನಿನಿಂದ, ತುಂಬಾ ತಾಯಿತಂದೆಗಳಿಂದ ಮೊಟ್ಟೆ ತೆಗೆಯುತ್ತವೆ. ಇನ್ನು ಆ ನೀರಿಗೆ ಸೇರದ ಜಾತಿಯನ್ನೇ ತಂದು ಬಿಡುವುದು ಬೇರೆಯದೇ ಅಪಾಯ. ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ 1950, 60ರ ದಶಕಗಳಲ್ಲಿ ನೈಲ್ ಪರ್ಚ್ ಬಿಟ್ಟರು. ಆ ದೊಡ್ಡ ಬೇಟೆಗಾರ ಹೆಚ್ಚಿದ ಮೇಲೆ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಚಿಕ್ಕ ಸಿಕ್ಲಿಡ್ ಮೀನುಗಳ ನೂರಾರು ಜಾತಿಗಳು ಕಣ್ಮರೆಯಾದವು ಇಲ್ಲವೇ ಅಳಿವಿನಂಚಿಗೆ ಬಂದವು.

ಕೊನೆಯದಾಗಿ ಉತ್ತರ ಅಮೆರಿಕದ ಮಹಾಸರೋವರಗಳ ಕಥೆ. ಎಲ್ಲ ಕೊಂಡಿಗಳೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಕಾಲುವೆಗಳ ದಾರಿಯಲ್ಲಿ ಲ್ಯಾಂಪ್ರೆ ಅನ್ನುವ ರಕ್ತ ಹೀರುವ ಜೀವಿ ಒಳಸರೋವರಗಳಿಗೆ ಬಂತು. ಜೊತೆಗೆ ಅತಿಯಾದ ಮೀನುಗಾರಿಕೆ. 1950ರ ದಶಕ ಮುಗಿಯುವ ಹೊತ್ತಿಗೆ ಮಿಶಿಗನ್ ಸರೋವರದಲ್ಲಿ ಲೇಕ್ ಟ್ರೌಟ್ ಮುಗಿದೇಹೋಗಿತ್ತು. 1958ರಲ್ಲಿ ಲ್ಯಾಂಪ್ರೆ ಮರಿಗಳನ್ನು ಮಾತ್ರ ಕೊಲ್ಲುವಂಥ ಔಷಧವನ್ನು ಹೊಳೆಗಳಲ್ಲಿ ಬಳಸಲು ಶುರು ಮಾಡಿದರು. ಟ್ರೌಟ್ ಮರಿಗಳನ್ನು ಲಕ್ಷ ಲಕ್ಷ ಬಿಟ್ಟರು. ಸುಪೀರಿಯರ್ ಸರೋವರದಲ್ಲಿ ಸ್ವಲ್ಪ ಕಾಡು ಮೀನು ಉಳಿದಿತ್ತು, ಅದು ಎದ್ದು ನಿಂತಿತು. ಮಿಶಿಗನ್, ಹ್ಯೂರನ್ ಸರೋವರಗಳಲ್ಲಿ ಬಿಟ್ಟ ಟ್ರೌಟ್ ಬೆಳೆಯಿತು, ಮೊಟ್ಟೆಯನ್ನೂ ಇಟ್ಟಿತು. ಮರಿ ಮಾತ್ರ ಉಳಿಯಲಿಲ್ಲ. ದಶಕಗಳ ಕಾಲ ಹೀಗೇ.

ಕಾರಣ ಊಟದಲ್ಲಿತ್ತು. ಏಲ್‌ವೈಫ್ ಅನ್ನುವ ಹೊರಗಿನಿಂದ ಬಂದ ಚಿಕ್ಕ ಮೀನು ಅಲ್ಲಿ ತುಂಬಿಹೋಗಿತ್ತು. ಟ್ರೌಟ್ ಅದನ್ನೇ ತಿನ್ನುತ್ತಿತ್ತು. ಏಲ್‌ವೈಫ್ ಮೈಯಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಒಂದು ವಸ್ತು ಇದೆ. ಅದನ್ನು ತಿಂದ ತಾಯಿಯ ಮೊಟ್ಟೆಯಲ್ಲಿ ಬಿ1 ಸಾಲದೆ ಮರಿಗಳು ಹುಟ್ಟಿದ ಹೊಸತರಲ್ಲೇ ಸಾಯುತ್ತಿದ್ದವು. ಉಳಿದ ಮರಿಯನ್ನು ಏಲ್‌ವೈಫ್ ತಾನೇ ತಿನ್ನುತ್ತಿತ್ತು. ಕೇಂದ್ರದಲ್ಲಿ ಎಷ್ಟು ಮರಿ ಮಾಡಿ ಬಿಟ್ಟರೂ ಈ ಕೊಂಡಿಗೆ ಅದು ಮದ್ದಾಗಲಿಲ್ಲ. ಅತ್ತ ಏಲ್‌ವೈಫ್ ತಿನ್ನಲಿ ಅಂತ 1966ರಲ್ಲಿ ಕೋಹೋ ಸಾಲ್ಮನ್, 1967ರಲ್ಲಿ ಚಿನೂಕ್ ಸಾಲ್ಮನ್ ತಂದು ಬಿಡಲು ಶುರು ಮಾಡಿದ್ದರು. ಚಿನೂಕ್ ಸುತ್ತಲಿನ ಹೊಳೆಗಳಲ್ಲಿ ತಾನಾಗಿಯೇ ಮರಿ ಮಾಡತೊಡಗಿತು. 2000ರ ಹೊತ್ತಿಗೆ ಹ್ಯೂರನ್ ಸರೋವರದ ಚಿನೂಕ್‌ಗಳಲ್ಲಿ ಬಹುಪಾಲು ಹೊಳೆಯಲ್ಲೇ ಹುಟ್ಟಿದವು. ಬಿಟ್ಟ ಮರಿಗಳ ಲೆಕ್ಕ ಕಾಗದದಲ್ಲಿತ್ತು, ಹೊಳೆ ಸೇರಿಸಿದ ಮರಿಗಳ ಲೆಕ್ಕ ಎಲ್ಲೂ ಇರಲಿಲ್ಲ. ತಿನ್ನುವ ಬಾಯಿ ಜಾಸ್ತಿಯಾಯಿತು, ಸರೋವರದ ಊಟವೂ ಕುಗ್ಗಿತ್ತು. 2003, 2004ರಲ್ಲಿ ಅಲ್ಲಿ ಏಲ್‌ವೈಫ್ ಕುಸಿಯಿತು. ಅದರ ಹಿಂದೆಯೇ ಚಿನೂಕ್ ಕೂಡ.

ಕೇಂದ್ರದಲ್ಲಿ ಬೆಳೆದ ಟ್ರೌಟ್ ಮರಿಯನ್ನು ಬಿಡುವ ಮುಂಚೆ ಗುರುತಿಗೆ ಒಂದು ಚಿಕ್ಕ ಈಜುರೆಕ್ಕೆ ಕತ್ತರಿಸುತ್ತಾರೆ. ಕೆಲವಕ್ಕೆ ಮೂಗಿನೊಳಗೆ ಸುಮಾರು ಒಂದು ಮಿಲಿಮೀಟರ್ ಉದ್ದದ ತಂತಿಚೂರು ಕೂರಿಸುತ್ತಾರೆ. ಅದರ ಮೇಲೆ ಎಲ್ಲಿ, ಯಾವಾಗ ಬಿಟ್ಟದ್ದು ಅನ್ನುವ ಸಂಕೇತ ಇರುತ್ತದೆ. ಸಮೀಕ್ಷೆಯ ಬಲೆ ಎತ್ತುವವರು ಸಿಕ್ಕಿದ ಪ್ರತಿ ಮೀನಿನ ರೆಕ್ಕೆಗಳನ್ನು ಎಣಿಸುತ್ತಾರೆ. ಒಂದು ಕಡಿಮೆ ಇದ್ದರೆ ಬಿಟ್ಟ ಮೀನು, ಎಲ್ಲ ಇದ್ದರೆ ಹುಟ್ಟಿದ ಮೀನು. ವರ್ಷಗಟ್ಟಲೆ ಹ್ಯೂರನ್‌ನಲ್ಲಿ ಸಿಗುತ್ತಿದ್ದ ಲೇಕ್ ಟ್ರೌಟ್ ಹೆಚ್ಚುಕಡಿಮೆ ಎಲ್ಲವೂ ರೆಕ್ಕೆ ಕತ್ತರಿಸಿದವೇ. ಏಲ್‌ವೈಫ್ ಹೋದ ಮೇಲೆ, 2004ರಿಂದೀಚೆಗೆ, ಆ ಬಲೆಗಳಲ್ಲಿ ಎಳೆಯ ಟ್ರೌಟ್ ಬರತೊಡಗಿದವು. ತಿರುಗಿಸಿ ನೋಡಿದರೆ ರೆಕ್ಕೆಗಳೆಲ್ಲ ಸರಿಯಾಗಿದ್ದವು.